ಹುಳಕ್ಕಿಂತ ಜಾಸ್ತಿ ನಮ್ಮವರೇ ನಮ್ಮನ್ನು ಕೊಲ್ಲುತ್ತಿದ್ದಾರೆ, ಎಂತ ಮಾಡುವುದು?

ಕಲ್ಸಂಕದ ಕಪ್ಪೆ | ಉಡುಪಿ | ಗುರುವಾರ ರಾತ್ರಿ 11:52

ಮಳೆ ಹಿಡಿದು ಹತ್ತು ದಿನ ಆಯಿತು. ಸಂಜೆಗೆ ಕ್ರಿಕೆಟ್ ಇಲ್ಲ, ಬೀಚ್ ಇಲ್ಲ. ಹಾಗಾಗಿ ನಾವು ನಾಲ್ಕು ಜನ ದಿನಾ ರಾತ್ರಿ ಒಂಬತ್ತೂವರೆಗೆ ಕೂತು 'ಏಲಿಯನ್ ಸ್ವಾರ್ಮ್: ರಿಯಾಕ್ಟಿವ್ ಡ್ರಾಪ್' ಆಡುತ್ತಿದ್ದೇವೆ. ಚಾವಡಿಯಲ್ಲಿ ನಾನು, ಒಳಗಿನ ಕೋಣೆಯಲ್ಲಿ ತಮ್ಮ, ಬಿಜೈಯಿಂದ ಒಬ್ಬ ದೋಸ್ತಿ, ಬೆಂಗಳೂರಿನಿಂದ ಬಾವ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪುಕ್ಕಟೆ ಸಿಗುವ ಆಟ. ಮಾಡಿನ ಹಂಚು ಸರಿಸಿ ಮನೆಯೊಳಗೆ ಬಗ್ಗಿ ನೋಡಿದ ಹಾಗೆ ಎಲ್ಲ ಮೇಲಿಂದ ಕಾಣುತ್ತದೆ. ಬೇರೆ ಗ್ರಹದ ಕಾಲೊನಿಯಲ್ಲಿ ಹುಳ ತುಂಬಿದೆ. ನಾಲ್ವರು ಸೈನಿಕರು ಇಳಿದು, ಬಾಗಿಲು ತೆರೆದು, ಹುಳ ಕೊಂದು ಜೀವ ಉಳಿಸಿಕೊಂಡು ಬರಬೇಕು. ಇವರ ಪಡೆಯ ಹೆಸರು ಐಎಎಫ್, ಅಂದರೆ ಇಂಟರ್‌ಸ್ಟೆಲ್ಲರ್ ಆರ್ಮ್ಡ್ ಫೋರ್ಸಸ್. ಅಪ್ಪ ಹಿಂದೆ ಬಂದು ನಿಂತು "ಇದು ನಮ್ಮ ಏರ್ ಫೋರ್ಸಿನದ್ದಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅವತ್ತಿನಿಂದ ಬೈಗುಳ ಸ್ವಲ್ಪ ಕಡಿಮೆಯಾಗಿದೆ.

ಈಗ ಸಮಸ್ಯೆ. 'ಜೇಕಬ್ಸ್ ರೆಸ್ಟ್' ಎಂಬ ಏಳು ಹಂತಗಳ ಕಥೆಯಲ್ಲಿ ಎರಡನೆಯದ್ದೇ ದಾಟುತ್ತಿಲ್ಲ. 'ಕಾರ್ಗೊ ಎಲಿವೇಟರ್'. ದೊಡ್ಡ ಲಿಫ್ಟ್, ಅದರ ಮೇಲೆ ನಾವು, ಸುತ್ತಲಿಂದ ಹುಳ. 'ಹಾರ್ಡ್' ಎಂಬ ಕಷ್ಟದ ಮಟ್ಟದಲ್ಲಿ ಆಡುತ್ತಿದ್ದೇವೆ. ಇವತ್ತು ಆರು ಸಲ ಸೋತೆವು. ಅದರಲ್ಲಿ ಮೂರು ಸಲ ನನ್ನನ್ನು ಸುಟ್ಟದ್ದು ಹುಳ ಅಲ್ಲ, ಬಾವ. ಅವರ ಕೈಯಲ್ಲಿ ಬೆಂಕಿ ಉಗುಳುವ ಫ್ಲೇಮರ್ ಉಂಟು. ಯಾವ ಬಂದೂಕು ತೆಗೆದುಕೊಂಡರೆ ಒಳ್ಳೆಯದು? ಯಾರಾದರೂ ಹೇಳಿ. ಮಂಡೆ ಬಿಸಿಯಾಗಿದೆ.

ಗೋಳಿಬಜೆ | ಮಂಗಳೂರು | ಗುರುವಾರ ರಾತ್ರಿ 11:58

ಬಾವನ ಕೈಗೆ ಬೆಂಕಿ ಕೊಟ್ಟದ್ದು ಯಾರು ಮಾರಾಯ? ಮದುವೆ ದಿನ ಚಪ್ಪಲಿ ಅಡಗಿಸಿಟ್ಟದ್ದು ನೀನೇ ಆಗಿದ್ದರೆ ಇದು ಆಟದ ಸಮಸ್ಯೆ ಅಲ್ಲ.

ಲೈಟ್‌ಹೌಸ್ | ಸುರತ್ಕಲ್ | ಶುಕ್ರವಾರ ಬೆಳಗ್ಗೆ 7:15

ಬಂದೂಕಿನ ವಿಷಯ ಆಮೇಲೆ. ಸಾಯುವ ಹೊತ್ತಿಗೆ ನಾಲ್ವರೂ ಎಲ್ಲೆಲ್ಲಿ ನಿಂತಿದ್ದಿರಿ, ಅದನ್ನು ಹೇಳಿ. ಮತ್ತೆ ಮೆಡಿಕ್, ಅಂದರೆ ಗಾಯಕ್ಕೆ ಮದ್ದು ಕೊಡುವವರು, ಯಾರು?

ಕಲ್ಸಂಕದ ಕಪ್ಪೆ | ಶುಕ್ರವಾರ ಬೆಳಗ್ಗೆ 8:40

ನಾನು ಲಿಫ್ಟಿನ ಮಧ್ಯ. ಬಾವ ನನ್ನ ಹಿಂದೆ. ದೋಸ್ತಿ ಒಂದು ಮೂಲೆ. ತಮ್ಮ ನಿಲ್ಲುವುದೇ ಇಲ್ಲ, ಸುಮ್ನೆ ಓಡುತ್ತಿರುತ್ತಾನೆ.

ಮೆಡಿಕ್ ಯಾರೂ ಅಲ್ಲ ಅಕ್ಕ. ಯಾರಿಗೂ ಮನಸ್ಸಿಲ್ಲ.

ಲೈಟ್‌ಹೌಸ್ | ಶುಕ್ರವಾರ ಮಧ್ಯಾಹ್ನ 1:30

ಅಲ್ಲೇ ಉಂಟು ನೋಡಿ ಉತ್ತರ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಈ ಆಟದಲ್ಲಿ ನಾಲ್ಕು ಬಗೆಯ ಸೈನಿಕರು: ಆಫೀಸರ್, ಸ್ಪೆಷಲ್ ವೆಪನ್ಸ್, ಮೆಡಿಕ್, ಟೆಕ್. ಟೆಕ್ ಇಲ್ಲದಿದ್ದರೆ ಕೆಲವು ಕಡೆ ಕಂಪ್ಯೂಟರ್ ಹ್ಯಾಕ್ ಮಾಡಲಿಕ್ಕೆ ಆಗುವುದಿಲ್ಲ, ಹಾಗಾಗಿ ಟೆಕ್ ಹೇಗೂ ಬೇಕೇ ಬೇಕು. ಮೆಡಿಕ್ ಮಾತ್ರ ಇಲ್ಲದೆಯೂ ಹೊರಡಬಹುದು. ಆದ ಕಾರಣವೇ ಎಲ್ಲರೂ ಬಿಡುತ್ತಾರೆ. ಆಮೇಲೆ ಆ ಸಣ್ಣ ಪ್ಯಾರಾಸೈಟ್ ಹಾರಿ ಮೈಗೆ ಹೊಕ್ಕಿತು ಎಂದರೆ ಬೊಬ್ಬೆ ಹಾಕುತ್ತಾರೆ. ಅದು ಹೊಕ್ಕ ಮೇಲೆ ಮದ್ದು ಬೀಳದಿದ್ದರೆ ಮನುಷ್ಯ ಉಳಿಯುವುದು ಕಷ್ಟ. ಸತ್ತವನು ಆ ಹಂತ ಮುಗಿಯುವ ತನಕ ನೋಡುತ್ತಾ ಕೂರಬೇಕು. ನಾಲ್ವರಲ್ಲಿ ಒಬ್ಬ ಹೋದರೆ ಉಳಿದ ಮೂವರ ಒಂದು ಬದಿ ಖಾಲಿ.

ಮೆಡಿಕ್ ಎಂದರೆ ಎಲ್ಲರ ಹಿಂದೆ ಓಡುವ ನರ್ಸ್ ಎಂದುಕೊಳ್ಳಬೇಡಿ. ಹೀಲ್ ಬೀಕನ್ ಒಂದು ಕಡೆ ಇಟ್ಟರೆ ಅದರ ಸುತ್ತ ಒಂದು ವೃತ್ತ. ಗಾಯ ಆದವರು ಬಂದು ಅದರೊಳಗೆ ನಿಲ್ಲಬೇಕು. ಅಂದರೆ ತಂಡ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಮೆಡಿಕ್. ನಾನು ಎಂಟು ವರ್ಷದಿಂದ ಅದೇ ಆಡುತ್ತಿದ್ದೇನೆ. ಗಂಡಸರು ನಾಲ್ಕು ಜನ ನನ್ನ ಮಾತು ಕೇಳಿ ಬಂದು ಸಾಲಾಗಿ ನಿಲ್ಲುವ ಜಾಗ ಅದೊಂದೇ.

ಇನ್ನೊಂದು ಮಾತು. ನೀವು ಕೌಂಟರ್ ಸ್ಟ್ರೈಕ್ ಆಡಿದವರಲ್ವಾ? ಎರಡು ಗುಂಡು ಹೊಡೆದ ಕೂಡಲೇ ರೀಲೋಡ್ ಮಾಡುವ ಆರ್ ಕೀಲಿ ಒತ್ತುವ ಅಭ್ಯಾಸ ಇರುತ್ತದೆ. ಇಲ್ಲಿ ಅದನ್ನು ಬಿಡಿ. ಮ್ಯಾಗಜಿನ್‌ನಲ್ಲಿ ಗುಂಡು ಉಳಿದಿರುವಾಗ ಬದಲಿಸಿದರೆ ಉಳಿದದ್ದು ಹೋಯಿತು, ವಾಪಸ್ ಬರುವುದಿಲ್ಲ. ಹಾಗೇ ರೀಲೋಡ್ ಆಗುವಾಗ ಒಂದು ಪಟ್ಟಿ ಓಡುತ್ತದೆ ನೋಡಿ. ಅದು ಸರಿಯಾದ ಜಾಗಕ್ಕೆ ಬಂದಾಗ ಇನ್ನೊಮ್ಮೆ ಆರ್ ಒತ್ತಿದರೆ ಬೇಗ ತುಂಬುತ್ತದೆ. ಒಂದು ವಾರ ಬೇಕು ಕೈಗೆ ಕೂರಲಿಕ್ಕೆ.

ಮಧ್ಯದಲ್ಲಿ ನಿಲ್ಲಬೇಡಿ. ಮಧ್ಯದಲ್ಲಿ ನಿಂತವನು ಮೂವರ ಗುಂಡಿಗೂ ಅಡ್ಡ.

ಕದ್ರಿ ಗುಡ್ಡೆ | ಮಂಗಳೂರು | ಶುಕ್ರವಾರ ಸಂಜೆ 6:05

ಲೈಟ್‌ಹೌಸ್ ಅಕ್ಕನ ಕೊನೆಯ ಸಾಲಿಗೆ ನನ್ನದೂ ಒಂದು ಬಾಲ.

ನಾನು ಹಂಪನಕಟ್ಟೆಯ ಮಹಡಿ ಮೇಲಿನ ಸೈಬರ್‌ನಲ್ಲಿ ಬೆಳೆದವನು. ಗಂಟೆಗೆ 15 ರೂಪಾಯಿ. ಅಲ್ಲಿ ಎಲ್ಲ ಕಂಪ್ಯೂಟರ್‌ನಲ್ಲೂ 'ಏಲಿಯನ್ ಶೂಟರ್' ಇತ್ತು. ರಷ್ಯಾದ ಸಿಗ್ಮಾ ಟೀಮ್ 2003ರಲ್ಲಿ ಮಾಡಿದ್ದು. ಕೊಂದಷ್ಟೂ ಹಸಿರು ರಕ್ತ, ನೆಲ ತುಂಬ ಹೆಣ, ತಲೆ ಓಡಿಸುವ ಅಗತ್ಯವೇ ಇಲ್ಲ. ಒಬ್ಬನೇ ಆಡುವುದು, ಹಾಗಾಗಿ ಯಾರಿಗೂ ಅಡ್ಡ ಬರುವ ಪ್ರಶ್ನೆ ಇಲ್ಲ. ಅದರಲ್ಲಿ ಪಳಗಿದವರು ಸ್ವಾರ್ಮ್‌ಗೆ ಬಂದರೆ ಎಡವುತ್ತಾರೆ. ನಾನೂ ಎಡವಿದ್ದೆ.

ಈ ಜಾತಿಯ ಆಟದ ಗುಟ್ಟು ಒಂದೇ. ಕಾಲು ಒಂದು ಕಡೆ, ಕೈ ಇನ್ನೊಂದು ಕಡೆ. ಇದನ್ನು ಗಟ್ಟಿ ಮಾಡಿದ್ದು 1982ರ 'ರೋಬೋಟ್ರಾನ್: 2084'. ವಿಲಿಯಮ್ಸ್ ಕಂಪನಿಯ ಆರ್ಕೇಡ್ ಪೆಟ್ಟಿಗೆ, ಯೂಜೀನ್ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್ ಮಾಡಿದ್ದು. ಅದಕ್ಕೆ ಗುಂಡಿ ಇಲ್ಲ, ಎರಡು ಜಾಯ್‌ಸ್ಟಿಕ್. ಎಡಗೈಯದ್ದು ನಡೆಯಲಿಕ್ಕೆ, ಬಲಗೈಯದ್ದು ಹೊಡೆಯಲಿಕ್ಕೆ. ಆ ಕಾಲಕ್ಕೆ ಜಾರ್ವಿಸ್ ಕಾರು ಅಪಘಾತದಲ್ಲಿ ಬಲಗೈ ಮುರಿದುಕೊಂಡಿದ್ದರು. ಗುಂಡಿ ಒತ್ತಲು ಆಗದೆ ಕೂತಿದ್ದಾಗ ಹೊಳೆದ ಉಪಾಯ ಇದು ಎನ್ನುತ್ತಾರೆ. 1990ರ 'ಸ್ಮ್ಯಾಶ್ ಟಿವಿ'ಯಲ್ಲೂ ಅದೇ ಎರಡು ಕೋಲು. ಈಗ ನಮ್ಮ ಕೀಬೋರ್ಡಿನ ನಾಲ್ಕು ಕೀಲಿ ಮತ್ತು ಮೌಸ್ ಕೂಡ ಅದರದ್ದೇ ಮೊಮ್ಮಕ್ಕಳು.

ಯಾಕೆ ಹೇಳಿದೆ ಎಂದರೆ, ಹೊಸಬರು ಎಲ್ಲಿ ಹೊಡೆಯುತ್ತಾರೋ ಅಲ್ಲಿಗೇ ನಡೆಯುತ್ತಾರೆ. ಮುಂದೆ ಹುಳ ಕಂಡಿತು, ಹೊಡೆಯುತ್ತಾ ಮುಂದೆ ಹೋದರು, ಪಕ್ಕದವನ ಗುಂಡಿನ ದಾರಿಗೆ ಬಿದ್ದರು. ಹಿಂದೆ ಸರಿಯುತ್ತಾ ಮುಂದಕ್ಕೆ ಹೊಡೆಯುವುದು ಬಂದರೆ ಅರ್ಧ ಆಟ ಬಂದ ಹಾಗೆ. ನಿಮ್ಮ ತಮ್ಮನಿಗೆ ಇದನ್ನೇ ಹೇಳಿ. ಓಡುವುದು ತಪ್ಪಲ್ಲ, ಎತ್ತ ಓಡುತ್ತಾನೆ ಎನ್ನುವುದು ಮುಖ್ಯ.

ಗೋಳಿಬಜೆ | ಶುಕ್ರವಾರ ಸಂಜೆ 6:11

ನಾನು ಕೂಡ ಅದೇ ಸೈಬರ್. ಗಂಟೆ ಮುಗಿಯುವ ಐದು ನಿಮಿಷ ಮುಂಚೆ ಪರದೆ ಕಪ್ಪು ಮಾಡುತ್ತಿದ್ದ ಓನರ್ ಅಣ್ಣನಷ್ಟು ದೊಡ್ಡ ಬಾಸ್ ಯಾವ ಆಟದಲ್ಲೂ ನೋಡಿಲ್ಲ.

ಮಲ್ಪೆ ಬಂದರು | ಮಲ್ಪೆ | ಶುಕ್ರವಾರ ರಾತ್ರಿ 8:20

ನಮಗೆ ಈಗ ಬೋಟ್ ರಜೆ, ಜೂನ್ 1ರಿಂದ ಜುಲೈ 31ರ ತನಕ. 61 ದಿನ ಎಂತ ಮಾಡುವುದು? ಬಲೆ ಹೊಲಿಯುವುದು, ಆಡುವುದು. ಹೋದ ವರ್ಷ ನಾವು ಬೋಟಿನ ನಾಲ್ಕು ಹುಡುಗರು ಇದೇ ಆಟ ಶುರು ಮಾಡಿದ್ದು. ಮೊದಲ ದಿನ ನಿಮ್ಮದೇ ಅವಸ್ಥೆ.

ಆಮೇಲೆ ನಮ್ಮಲ್ಲೇ ಹಿರಿಯರೊಬ್ಬರು ನೋಡಿ "ಕೈರಂಪಣಿ ಎಳೆಯುವ ಹಾಗೆ ಆಡಿ" ಎಂದರು. ಕೈರಂಪಣಿ ನೋಡದವರಿಗೆ: ಒಂದು ದೋಣಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗ ದಡದಲ್ಲಿ. ಎರಡೂ ಕಡೆ ಜನ ನಿಂತು ಎಳೆಯಬೇಕು. ಒಂದು ಕಡೆಯವರು ಹುಮ್ಮಸ್ಸಿನಲ್ಲಿ ಬೇಗ ಎಳೆದರೆ ಬಲೆ ಓರೆಯಾಗುತ್ತದೆ, ಮೀನು ಇನ್ನೊಂದು ಬದಿಯಿಂದ ಹೋಯಿತು. ಇಲ್ಲಿ ಹುಳವೂ ಹಾಗೇ ನುಗ್ಗುವುದು, ನಾವು ತಪ್ಪಿದ ಬದಿಯಿಂದ.

ಲಿಫ್ಟಿನಲ್ಲಿ ನಾವು ಮಾಡಿದ್ದು ಇಷ್ಟು. ಒಂದು ಮೂಲೆ ಹಿಡಿದೆವು. ಬೆನ್ನು ಆ ಕಡೆಗೆ. ನಾಲ್ವರೂ ಅರ್ಧ ಚಂದ್ರ. ಒಂದೇ ಸಮ ಗುಂಡು ಸುರಿಸುವ ಆಟೊಗನ್ ಹಿಡಿದವನು ನಡುವೆ, ಆದರೆ ಮುಂದಲ್ಲ, ಸಾಲಿನಲ್ಲೇ. ಫ್ಲೇಮರ್ ಒಂದು ತುದಿಯಲ್ಲಿ, ಹೊರಗೆ ಮುಖ ಮಾಡಿ. ತುದಿಯಲ್ಲಿ ಇದ್ದರೆ ಅವನ ಬೆಂಕಿಗೆ ನಮ್ಮವರು ಯಾರೂ ಸಿಗುವುದಿಲ್ಲ. ಟೆಕ್‌ನ ಸೆಂಟ್ರಿ ಗನ್, ಅಂದರೆ ನೆಲದಲ್ಲಿಟ್ಟರೆ ತಾನಾಗಿ ಹೊಡೆಯುವ ಬಂದೂಕು, ಇನ್ನೊಂದು ತುದಿಗೆ ಇಟ್ಟೆವು. ಒಬ್ಬನೂ ಸಾಲು ಬಿಟ್ಟು ಮುಂದೆ ಹೋಗಬಾರದು. ಗುಂಡಿನ ಪೆಟ್ಟಿಗೆ ಬೇಕಾದರೂ ಹುಳ ನಿಂತ ಮೇಲೆಯೇ. ಮೂರನೇ ಸಲಕ್ಕೆ ದಾಟಿದೆವು.

ನೀರು ದೋಸೆ | ಕುಂದಾಪುರ | ಶುಕ್ರವಾರ ರಾತ್ರಿ 9:02

ಎಲ್ಲರೂ ಇಷ್ಟು ಕಷ್ಟ ಯಾಕೆ ಪಡುತ್ತೀರಿ? ಹಾರ್ಡ್ ಬಿಟ್ಟು ನಾರ್ಮಲ್‌ಗೆ ಇಳಿಸಿ. ಅದರ ಮೇಲೆ ಇನ್ಸೇನ್, ಬ್ರೂಟಲ್ ಎಲ್ಲ ಉಂಟು, ಅವಸರ ಇಲ್ಲ. ಆಟ ಇರುವುದು ಖುಷಿಗೆ ಅಲ್ವಾ?

ನಮ್ಮವರಿಗೆ ಗುಂಡು ತಾಗುವುದೇ ನನಗೆ ಹಿಡಿಸದ ವಿಷಯ. ಹುಳ ಕೊಲ್ಲಲು ಬಂದದ್ದು, ಜಗಳ ಮಾಡಲು ಅಲ್ಲ.

ಕದ್ರಿ ಗುಡ್ಡೆ | ಶುಕ್ರವಾರ ರಾತ್ರಿ 9:20

ನಾರ್ಮಲ್‌ಗೆ ಇಳಿಸುವುದಕ್ಕೆ ನನ್ನ ಅಡ್ಡಿ ಇಲ್ಲ. ಎರಡನೇ ಮಾತಿಗೆ ಉಂಟು. ಗುಂಡು ತಾಗದಿದ್ದರೆ ಎಲ್ಲಿ ನಿಂತರೂ ಒಂದೇ ಆಯಿತಲ್ಲ? ನಾಲ್ವರು ಒಂದು ಕಡೆ ಗುಡ್ಡೆ ಹಾಕಿ ಹೊಡೆಯುತ್ತಿದ್ದರೆ ಅದು ಏಲಿಯನ್ ಶೂಟರ್‌ನ ನಾಲ್ಕು ಪ್ರತಿ, ಅಷ್ಟೇ.

2015ರ 'ಹೆಲ್‌ಡೈವರ್ಸ್' ಆಡಿದ್ದೀರಾ? ಎರಡನೆಯದಲ್ಲ, ಮೊದಲನೆಯದು, ಮೇಲಿಂದ ಕಾಣುವುದು. ಸ್ವೀಡನ್ನಿನ ಆ್ಯರೋಹೆಡ್ ಕಂಪನಿಯದ್ದು. ಅದರಲ್ಲಿ ನಮ್ಮವರ ಗುಂಡು ಮಾತ್ರ ಅಲ್ಲ, ಆಕಾಶದಿಂದ ತರಿಸಿಕೊಂಡ ಸಾಮಾನಿನ ಡಬ್ಬ ತಲೆ ಮೇಲೆ ಬಿದ್ದರೂ ಸಾವು. ಡಬ್ಬ ತರಿಸಲು ಬಾಣದ ಕೀಲಿಗಳನ್ನು ಕ್ರಮ ತಪ್ಪದೆ ಒತ್ತಬೇಕು, ಅದೂ ಹುಳ ಮೈ ಮೇಲೆ ಬರುತ್ತಿರುವಾಗ. ನಾಲ್ವರಿಗೂ ಒಂದೇ ಪರದೆ. ಒಬ್ಬ ದೂರ ಹೋಗಲಿಕ್ಕೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಆಡುವಾಗ ಆದಷ್ಟು ನಗು ಬೇರೆ ಯಾವುದರಲ್ಲೂ ಆಗಿಲ್ಲ.

ನೀರು ದೋಸೆ | ಶುಕ್ರವಾರ ರಾತ್ರಿ 9:26

ನಿಮಗೆ ನಗು, ಡಬ್ಬದ ಕೆಳಗೆ ಬಿದ್ದವನಿಗೆ? ಒಪ್ಪುವುದಿಲ್ಲ. ಆದರೆ ಹೆಲ್‌ಡೈವರ್ಸ್‌ಗೆ ದುಡ್ಡು ಕೊಡಬೇಕು, ಇದಕ್ಕೆ ಬೇಡ. ಅದೊಂದು ನನ್ನ ಕಡೆಯ ಅಂಕ ಅಂತ ಬರೆದುಕೊಳ್ಳಿ. ಕಪ್ಪೆಯವರೇ, ಲ್ಯಾಪ್‌ಟಾಪ್ ಯಾವುದು? ನನ್ನ ಹಳೆಯದರಲ್ಲಿ ನಡೆದೀತಾ?

ಲೈಟ್‌ಹೌಸ್ | ಶುಕ್ರವಾರ ರಾತ್ರಿ 9:41

ನಡೆಯುವ ಸಾಧ್ಯತೆ ಜಾಸ್ತಿ. ಈ ಆಟದ ಬೇರು ಹಳೆಯದು. 2004ರಲ್ಲಿ ಬ್ಲ್ಯಾಕ್ ಕ್ಯಾಟ್ ಗೇಮ್ಸ್ ಎಂಬ ಸಣ್ಣ ತಂಡ 'ಅನ್‌ರಿಯಲ್ ಟೂರ್ನಮೆಂಟ್ 2004'ರ ಮೇಲೆ ಮಾಡಿದ ಮಾಡ್ ಅದು, ಅಂದರೆ ಇದ್ದ ಆಟವನ್ನೇ ಬದಲಿಸಿ ಕಟ್ಟಿದ ಹೊಸ ಆಟ. ಆ ತಂಡವನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಕೆಲಸಕ್ಕೆ ಸೇರಿಸಿಕೊಂಡಿತು. ಅವರೇ ವಾಲ್ವ್‌ನ ಆಟ ಕಟ್ಟುವ ಸಾಫ್ಟ್‌ವೇರ್ ಸೋರ್ಸ್ ಎಂಜಿನ್‌ನಲ್ಲಿ ಹೊಸದಾಗಿ ಕಟ್ಟಿ 2010ರ ಜುಲೈ 19ಕ್ಕೆ ಪುಕ್ಕಟೆ ಬಿಟ್ಟರು. ಆಟದ ಕೋಡ್ ಕೂಡ ಜೊತೆಗೇ ಕೊಟ್ಟರು. ಆ ಕೋಡ್ ಸಿಕ್ಕಿದ್ದರಿಂದಲೇ ಅಭಿಮಾನಿಗಳು ಅದನ್ನು ಬೆಳೆಸಿ 2017ರಲ್ಲಿ ರಿಯಾಕ್ಟಿವ್ ಡ್ರಾಪ್ ಎಂದು ತಂದದ್ದು. ಹೊಸ ಹಂತಗಳು, ಹೊಸ ಬಂದೂಕು, ನಾಲ್ಕರ ಬದಲು ಎಂಟು ಜನ ಆಡುವ ಅವಕಾಶ. ಪುಕ್ಕಟೆ ಕೊಟ್ಟದ್ದಕ್ಕೆ ಇಷ್ಟು ವರ್ಷ ಬದುಕಿದ ಆಟ ಇದು.

ರಾಜಾಜಿನಗರದ ಬಾವ | ಬೆಂಗಳೂರು | ಶುಕ್ರವಾರ ರಾತ್ರಿ 10:15

ನಮಸ್ಕಾರ. ಬೆಂಕಿ ಹಚ್ಚಿದವನು ನಾನೇ. ನನ್ನ ಹೆಂಡತಿ ಈ ಚರ್ಚೆ ತೋರಿಸಿ ನಗುತ್ತಿದ್ದಾಳೆ, ಹಾಗಾಗಿ ಖಾತೆ ತೆರೆದು ಬಂದೆ.

ಒಂದು ಸ್ಪಷ್ಟನೆ ಕೊಡಬೇಕು. ಮೂರು ಸಲದಲ್ಲಿ ಎರಡು ಸಲ ಅವನೇ ಓಡಿ ಬಂದು ನನ್ನ ಮುಂದೆ ನಿಂತ. ಚಪ್ಪಲಿ ಅಡಗಿಸಿಟ್ಟದ್ದೂ ಅವನೇ. ಎರಡಕ್ಕೂ ಸಂಬಂಧ ಇಲ್ಲ.

ಕಲ್ಸಂಕದ ಕಪ್ಪೆ | ಶನಿವಾರ ರಾತ್ರಿ 11:30

ಇವತ್ತಿನ ವರದಿ. ಸ್ವಲ್ಪ ಉದ್ದ ಉಂಟು.

ಮಲ್ಪೆಯವರು ಹೇಳಿದ ಹಾಗೆ ಮೂಲೆ ಹಿಡಿದೆವು. ಬಿಜೈ ದೋಸ್ತಿ ಮೆಡಿಕ್ ಆಗಲು ಒಪ್ಪಿದ, ಅವನಿಗೆ ಒಂದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆ. ಬಾವ ಎಡತುದಿ. ತಮ್ಮ ಟೆಕ್, ಬಲತುದಿಯಲ್ಲಿ ಸೆಂಟ್ರಿ. ಮೊದಲ ಸಲವೇ ಲಿಫ್ಟ್ ಅರ್ಧ ದಾರಿ ಬಂತು. ನನಗೆ ರೋಮಾಂಚನ.

ಆಗ ಮಳೆ ಜೋರಾಯಿತು. ನಮ್ಮ ಚಾವಡಿಯ ಮುಂದೆ ಶೀಟ್ ಹಾಕಿದ್ದೇವೆ. ಶೀಟಿನ ಮೇಲೆ ಮಳೆ ಬಿದ್ದರೆ ಹೆಡ್‌ಫೋನ್ ಹಾಕಿದರೂ ಚೆಂಡೆ ಬಡಿದ ಹಾಗೆ. ಮಾತು ಅರ್ಧರ್ಧ ಕೇಳುತ್ತದೆ. ಹಾಗಾಗಿ ಉದ್ದ ಮಾತು ಬೇಡ, ಒಂದೊಂದು ಶಬ್ದ ಸಾಕು ಎಂದು ಮೊದಲೇ ತೀರ್ಮಾನ ಮಾಡಿದ್ದೆವು. ನನಗೂ ತಮ್ಮನಿಗೂ ದೋಸ್ತಿಗೂ ಬಾಯಿಗೆ ಬರುವುದು ತುಳು. ದುಂಬು ಅಂದರೆ ಮುಂದೆ. ಪಿರ ಅಂದರೆ ಹಿಂದೆ. ಉಂತು ಅಂದರೆ ನಿಲ್ಲು. ಬಾವನಿಗೂ ಇದನ್ನು ಕಲಿಸಿದ್ದೆ.

ಹುಳ ಒಂದು ಗಳಿಗೆ ನಿಂತಿತು. ತಮ್ಮ ಗುಂಡಿನ ಪೆಟ್ಟಿಗೆ ಎತ್ತಲು ಬಾವನ ಮುಂದೆ ಹಾದುಹೋದ. ನಾನು "ಉಂತು, ಉಂತು, ಉಂತು" ಎಂದು ಕಿರುಚಿದೆ. ಬಾವ ಬೆಂಕಿ ಬಿಟ್ಟೇಬಿಟ್ಟರು. ತಮ್ಮ ಹೋದ. ಟೆಕ್ ಹೋದ ಮೇಲೆ ಎಂತ ಉಳಿಯಿತು?

ರಾಜಾಜಿನಗರದ ಬಾವ | ಶನಿವಾರ ರಾತ್ರಿ 11:38

ನನ್ನ ಕಡೆಯೂ ಕೇಳಿ.

ಮದುವೆಯಾಗಿ ಮೂರು ವರ್ಷ. ಅತ್ತೆಮನೆಯಲ್ಲಿ ನಾನು ಮೊದಲು ಕಲಿತ ಶಬ್ದ 'ಉಂಟು'. ನಾವು ಇದೆ ಅನ್ನೋದಕ್ಕೆ ನೀವು ಉಂಟು ಅನ್ನುತ್ತೀರಿ. ಊಟ ಉಂಟು, ಮಳೆ ಉಂಟು, ಬಸ್ಸು ಉಂಟು. ಕಷ್ಟಪಟ್ಟು ರೂಢಿ ಮಾಡಿಕೊಂಡೆ. ಈಗ ಮಳೆ ಸದ್ದಿನಲ್ಲಿ ಒಬ್ಬ "ಉಂಟು ಉಂಟು ಉಂಟು" ಅಂತ ಕಿರುಚಿದರೆ ನಾನು ಏನು ತಿಳಿಯಬೇಕು? ಹುಳ ಉಂಟು ಅಂತ ತಿಳಿದೆ. ಸುಟ್ಟೆ.

ಗೋಳಿಬಜೆ | ಶನಿವಾರ ರಾತ್ರಿ 11:41

ಇದು ಸಾವು ಮಾರಾಯ. ಚಾ ಮೂಗಿನಿಂದ ಬಂತು.

ಮಲ್ಪೆ ಬಂದರು | ಶನಿವಾರ ರಾತ್ರಿ 11:55

ಬಾವನವರ ತಪ್ಪಿಲ್ಲ. ಎಂಜಿನ್ ಸದ್ದಿನಲ್ಲಿ ನಮಗೂ ಹೀಗೇ ಆಗುತ್ತದೆ. ಅದಕ್ಕೇ ಬೋಟಿನಲ್ಲಿ ಒಂದಕ್ಕೊಂದು ಹೋಲುವ ಶಬ್ದ ಬಳಸುವುದಿಲ್ಲ, ಕೈ ಸನ್ನೆ ಜಾಸ್ತಿ. ಆಟದಲ್ಲಿ ಕೈ ಕಾಣುವುದಿಲ್ಲ. ಹಾಗಾಗಿ ಒಬ್ಬನೇ ಹೇಳಬೇಕು, ಮೂವರು ಕೇಳಬೇಕು. ನಾಲ್ವರೂ ಬೊಬ್ಬೆ ಹಾಕಿದರೆ ಯಾವ ಭಾಷೆಯಾದರೂ ಒಂದೇ.

ಲೈಟ್‌ಹೌಸ್ | ಭಾನುವಾರ ಬೆಳಗ್ಗೆ 9:10

ನಿಲ್ಲು ಎನ್ನುವುದಕ್ಕೆ ಹೆಸರು ಹಿಡಿದು ಕೂಗಿ, ಸಾಕು. ಹೆಸರು ಕೇಳಿದ ಕೂಡಲೇ ಗುಂಡು ನಿಲ್ಲಿಸಬೇಕು ಎಂದು ನಿಯಮ ಮಾಡಿ. ನಮ್ಮ ತಂಡದಲ್ಲಿ ಹಾಗೇ. ಹೆಸರು ಯಾವ ಮಳೆಯಲ್ಲೂ ಕೇಳುತ್ತದೆ.

ಮತ್ತೆ ತಮ್ಮನ ಕೋಣೆಯಲ್ಲಿ ವೈಫೈ ಹೇಗೆ ಉಂಟು? ಹಳೆಯ ಕೆಂಪುಕಲ್ಲಿನ ಗೋಡೆಯಾದರೆ ಸಿಗ್ನಲ್ ಅರ್ಧಕ್ಕರ್ಧ ಅಲ್ಲೇ ಸಾಯುತ್ತದೆ. ಅವನು ಸುಮ್ನೆ ಓಡುತ್ತಾನೆ ಎಂದಿರಿ. ನಿಮಗೆ ಹಾಗೆ ಕಾಣುತ್ತಿರಬಹುದು, ಅವನಿಗೆ ಆಟ ಜಗ್ಗುತ್ತಿರಬಹುದು.

ಕಲ್ಸಂಕದ ಕಪ್ಪೆ | ಭಾನುವಾರ ಮಧ್ಯಾಹ್ನ 12:20

ಅಕ್ಕ, ಅಡ್ಡ ಬಿದ್ದೆ. ಹೋಗಿ ನೋಡಿದೆ. ಅವನ ಪಿಂಗ್, ಅಂದರೆ ನೆಟ್‌ನಲ್ಲಿ ಆಗುವ ತಡ, 200 ಮಿಲಿಸೆಕೆಂಡ್ ದಾಟಿ ಕುಣಿಯುತ್ತಿತ್ತು, ನನ್ನದು 30. ಎರಡು ಗೋಡೆ ನಡುವೆ ಉಂಟು, ಎರಡೂ ಕೆಂಪುಕಲ್ಲು. ಇಷ್ಟು ದಿನ ಪಾಪದವನಿಗೆ ಸುಮ್ನೆ ಬೈದೆ. ಈಗ ಬಾಗಿಲ ಸಂದಿನಿಂದ 15 ಮೀಟರ್ ವೈರ್ ಎಳೆದಿದ್ದೇನೆ. ಅಮ್ಮ ಅದರ ಮೇಲೆ ಬಟ್ಟೆ ಒಣಗಿಸಲು ಹಾಕದಿದ್ದರೆ ಸಾಕು.

ಕಲ್ಸಂಕದ ಕಪ್ಪೆ | ಭಾನುವಾರ ರಾತ್ರಿ 11:05

ದಾಟಿದೆವು! ಎರಡನೇ ಸಲಕ್ಕೆ. ಬಾವ ಯಾರನ್ನೂ ಸುಡಲಿಲ್ಲ. ಒಮ್ಮೆ ಹೆಸರು ಹಿಡಿದು ಕೂಗಿದ್ದಕ್ಕೆ ನಿಜವಾಗಿಯೂ ನಿಂತರು. ಹಿರಿಯರ ಹೆಸರು ಹಿಡಿಯುವುದು ಹೇಗೆ ಎಂದು ನಾನು 'ಬಾವಾ' ಅಂತಲೇ ಕೂಗಿದ್ದು, ಅದೂ ನಡೆಯುತ್ತದೆ.

ಮೂರನೆಯದಕ್ಕೂ ಹೋದೆವು, ಹಿಮದಲ್ಲಿ ಸೇತುವೆ ದಾಟುವುದು. ಅಲ್ಲಿ ಎದುರಿಂದ ಹೊಡೆದರೆ ಏನೂ ಆಗದ ದೊಡ್ಡ ಹುಳ ಒಂದು ಬಂತು, ಮುಂಗೈಯನ್ನೇ ಗುರಾಣಿ ಮಾಡಿಕೊಂಡು. ಅಷ್ಟರಲ್ಲಿ ಸಿಡಿಲು ಶುರುವಾಯಿತು. ಅಪ್ಪ ಬಂದು ರೂಟರಿನ ಪ್ಲಗ್ ಎಳೆದರು. ಏರ್ ಫೋರ್ಸ್ ಎಂದರೂ ಕೇಳಲಿಲ್ಲ.

ಲೈಟ್‌ಹೌಸ್ | ಭಾನುವಾರ ರಾತ್ರಿ 11:12

ಅಪ್ಪ ಮಾಡಿದ್ದೇ ಸರಿ. ಹೋದ ಮಳೆಗಾಲದಲ್ಲಿ ನನ್ನದು ಎರಡು ರೂಟರ್ ಸುಟ್ಟಿದೆ.

ಆ ಹುಳ ಶೀಲ್ಡ್ ಬಗ್. ಒಬ್ಬರು ಎದುರು ನಿಂತು ತಮ್ಮ ಕಡೆ ಸೆಳೆಯಬೇಕು, ಇನ್ನೊಬ್ಬರು ಬೆನ್ನಿಗೆ ಹೊಡೆಯಬೇಕು. ಎದುರು ನಿಲ್ಲುವವರು ಹಿಂದೆ ಸರಿಯುತ್ತಾ ಇರಬೇಕು, ಕದ್ರಿಯವರು ಹೇಳಿದ ಹಾಗೆ.

ನೀರು ದೋಸೆ | ಭಾನುವಾರ ರಾತ್ರಿ 11:20

ಇಷ್ಟೆಲ್ಲ ಓದಿ ನಾನೂ ಡೌನ್‌ಲೋಡ್‌ಗೆ ಹಾಕಿದೆ. ನಾಳೆ ಐದನೆಯವನಿಗೆ ಜಾಗ ಉಂಟಾ?

ರಾಜಾಜಿನಗರದ ಬಾವ | ಭಾನುವಾರ ರಾತ್ರಿ 11:23

ಉಂಟು. ಟ ಅಕ್ಷರದ ಉಂಟು. ಒಂಬತ್ತೂವರೆಗೆ ಬನ್ನಿ, ನನ್ನ ಎಡಕ್ಕೆ ಮಾತ್ರ ನಿಲ್ಲಬೇಡಿ.